ಹುಳುಕು ಹಲ್ಲಿನ ಪ್ರಯೋಗಕ್ಕೆ ಸಂದ ಅತಿಗೌರವ

ಭೀಕರ ಚಿತ್ರ ತೋರಿಸಿದರೆ ವಿದ್ಯಾರ್ಥಿಗಳು ದಿಗಿಲುಬಿದ್ದು ಯೋಚಿಸುವುದನ್ನೇ ಬಿಡುತ್ತಾರೆ ಎಂಬ ವಾದ ಎದ್ದಾಗಲೆಲ್ಲ ಮನೋವಿಜ್ಞಾನಿಗಳಾದ ಜ್ಯಾನಿಸ್ ಮತ್ತು ಫೆಶ್‌ಬ್ಯಾಕ್ ಅವರ 1953ರ ಪ್ರಯೋಗವನ್ನೇ ಸಾಕ್ಷಿಗೆ ಕರೆಯುತ್ತಾರೆ. ಅಮೆರಿಕದ ಹೈಸ್ಕೂಲ್ ಮಕ್ಕಳಿಗೆ ಹಲ್ಲಿನ ಆರೈಕೆ ಕುರಿತು ಹದಿನೈದು ನಿಮಿಷದ ಸ್ಲೈಡ್ ಉಪನ್ಯಾಸ. ಭಯದ ಪ್ರಮಾಣ ಮೂರು ಬಗೆ. ಹೆಚ್ಚು ಹೆದರಿದವರ ಆತಂಕವೇನೋ ಏರಿತು. ವಾರದ ಬಳಿಕ ವಿಚಾರಿಸಿದರೆ, ಹೇಳಿದ ಕ್ರಮಕ್ಕೆ ಹೊರಳಿದವರ ನಿವ್ವಳ ಪ್ರಮಾಣ ಕನಿಷ್ಠ ಭಯದ ಗುಂಪಿನಲ್ಲಿ ಶೇ. 36, ಗರಿಷ್ಠ ಭಯದ ಗುಂಪಿನಲ್ಲಿ ಶೇ. 8. ಆ ಕಾಲಕ್ಕೆ ಅಚ್ಚುಕಟ್ಟಾದ ಕೆಲಸ, ಒಪ್ಪೋಣ.

ಆದರೆ ಆ ಉಪನ್ಯಾಸಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಕೊಳೆತ ಹಲ್ಲು, ಸೋಂಕು ತಗುಲಿದ ಬಾಯಿಯ ಫೋಟೊ. ಇನ್ನೊಂದರಲ್ಲಿ ಎಕ್ಸ್‌ರೇ, ರೇಖಾಚಿತ್ರ, ಗಟ್ಟಿಮುಟ್ಟಾದ ಹಲ್ಲು. ವ್ಯತ್ಯಾಸ ಇಷ್ಟೇ ಆಗಿದ್ದರೆ ಚಿತ್ರವನ್ನು ಹೊಣೆ ಮಾಡಬಹುದಿತ್ತು. ಆದರೆ ಗರಿಷ್ಠ ಭಯದ ಉಪನ್ಯಾಸ ಕುರುಡುತನ, ಪಾರ್ಶ್ವವಾಯು, ಕ್ಯಾನ್ಸರಿನ ತನಕ ಹೋಗುತ್ತಿತ್ತು. ಅದೂ ಇದು ನಿಮಗೇ ಆದೀತು ಎಂದು ಬೊಟ್ಟು ಮಾಡಿ. ಹಲ್ಲುಜ್ಜದಿದ್ದರೆ ಕಣ್ಣು ಹೋಗುತ್ತದೆ ಎಂಬುದನ್ನು ಹೈಸ್ಕೂಲ್ ಹುಡುಗ ನಂಬದಿದ್ದರೆ ಅದು ಕಂಗೆಟ್ಟ ಮನಸ್ಸಿನ ಲಕ್ಷಣವೋ, ನೆಟ್ಟಗಿರುವ ಬುದ್ಧಿಯ ಲಕ್ಷಣವೋ? ಪ್ರಯೋಗದಲ್ಲಿ ಉತ್ತರವಿಲ್ಲ. ಚಿತ್ರ, ಉತ್ಪ್ರೇಕ್ಷೆ, ಬೊಟ್ಟು ಮೂರನ್ನೂ ಒಟ್ಟಿಗೆ ಬದಲಿಸಿ, ಫಲವನ್ನು ಚಿತ್ರದ ತಲೆಗೆ ಕಟ್ಟಿದರೆ ಹೇಗೆ? ಮೇಲಾಗಿ, ಉಜ್ಜಿದ್ದು ನಿಜವೇ ಎಂಬುದಕ್ಕೆ ಮಕ್ಕಳ ಬಾಯಿಮಾತೇ ಆಧಾರ.

ಇದನ್ನು ಉದ್ಧರಿಸುವ ಪಂಡಿತರಿಗೆ ಯೇಲ್ ವಿಶ್ವವಿದ್ಯಾಲಯದ 1965ರ ಪ್ರಯೋಗ ಯಾಕೆ ನೆನಪಾಗುವುದಿಲ್ಲವೋ! ಲೆವೆಂಥಾಲ್ ಮತ್ತು ಸಂಗಡಿಗರು ಅಲ್ಲಿನ ಅಂತಿಮ ವರ್ಷದವರಿಗೆ ಧನುರ್ವಾಯುವಿನ ಪುಸ್ತಿಕೆ ಓದಿಸಿದರು. ಭೀಕರ ಪುಸ್ತಿಕೆ ಓದಿದವರೂ ಸೌಮ್ಯವಾದದ್ದು ಓದಿದವರೂ ಚುಚ್ಚುಮದ್ದು ಹಾಕಿಸಿಕೊಂಡದ್ದು ಹೆಚ್ಚುಕಡಿಮೆ ಸಮವೇ. ಆದರೆ ಆರೋಗ್ಯ ಕೇಂದ್ರಕ್ಕೆ ಗುರುತು ಹಾಕಿದ ನಕ್ಷೆ, ಯಾವಾಗ ಹೋಗುವಿರೆಂದು ಗೊತ್ತುಮಾಡಿಕೊಳ್ಳುವ ಸೂಚನೆ ಸಿಕ್ಕವರಲ್ಲಿ ಸುಮಾರು ಶೇ. 28 ಮಂದಿ ಹೋದರು, ಸಿಗದವರಲ್ಲಿ ಶೇ. 3. ಆ ಕಟ್ಟಡ ಅವರು ಕಾಣದ್ದೇನಲ್ಲ. ಭಯ ಹುಟ್ಟಿಸದೆ ಬರೀ ನಕ್ಷೆ ಕೊಟ್ಟಾಗ ಯಾರೂ ಕದಲಲಿಲ್ಲ. ಅಂಜಿದವರೂ ಯೋಚಿಸಬಲ್ಲರು; ಮುಂದೇನು ಮಾಡಬೇಕೆಂಬುದು ಕೈಗೆಟುಕುವಂತಿರಬೇಕು, ಅಷ್ಟೆ.

ನಮ್ಮ ಸಿಗರೇಟ್ ಪ್ಯಾಕನ್ನೇ ನೋಡಿ. ಅದರ ಶೇ. 85 ಭಾಗವನ್ನು ಚಿತ್ರಸಹಿತ ಎಚ್ಚರಿಕೆ ಆವರಿಸಿದ್ದು 2016ರಲ್ಲಿ. ಚಟ ಬಿಡಿಸಲು ನೆರವಾಗುವ ಫೋನ್ ನಂಬರ್ ಸೇರಿದ್ದು 2018ರಲ್ಲಿ. ಚಿತ್ರ ತೆಗೆಯಿರಿ ಎನ್ನುವವರೂ ಇನ್ನಷ್ಟು ಭೀಕರವಾಗಿಸಿ ಎನ್ನುವವರೂ ಕಚ್ಚಾಡುವುದು ಚಿತ್ರದ ಮೇಲೆಯೇ. ಆ ನಂಬರನ್ನು ದೊಡ್ಡದಾಗಿ ಅಚ್ಚು ಹಾಕಿ ಎಂದು ಜಗಳ ತೆಗೆದವರನ್ನು ನಾನಂತೂ ಕಂಡಿಲ್ಲ.