ಊಟದ ಅರ್ಜಿಯಲ್ಲಿ ಬಡತನದ ಲೆಕ್ಕ

ಅಮೆರಿಕದಲ್ಲಿ ಸರ್ಕಾರಿ ಶಾಲೆಯೊಂದರ ಪರೀಕ್ಷಾ ಫಲಿತಾಂಶ ಹುಡುಕಿದರೆ ಪಕ್ಕದಲ್ಲೇ ಇನ್ನೊಂದು ಅಂಕಿ ಕಣ್ಣಿಗೆ ಬೀಳುತ್ತದೆ: ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳು ಶೇಕಡಾ ಇಷ್ಟು. ಓದಿದವರು ಅದನ್ನೇ ಬಡ ಮಕ್ಕಳ ಲೆಕ್ಕವೆಂದು ತಿಳಿಯುತ್ತಾರೆ. 1946ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಶಾಲಾ ಊಟದ ಕಾಯ್ದೆ ಬಂದದ್ದು ಮಕ್ಕಳ ಹೊಟ್ಟೆ ತುಂಬಿಸಲು, ಜೊತೆಗೆ ರೈತರ ಹೆಚ್ಚುವರಿ ಬೆಳೆಗೊಂದು ದಾರಿ ಮಾಡಲು. ಬಡತನ ಅಳೆಯುವ ಕೆಲಸ ಅದಕ್ಕೆ ಆಮೇಲೆ ಅಂಟಿಕೊಂಡಿತು. ಶಾಲೆಗಳ ಕೈಯಲ್ಲಿ ಬೇರೆ ಲೆಕ್ಕವಿರಲಿಲ್ಲ.

ಮನೆಯ ಆದಾಯ ಬಡತನ ರೇಖೆಯ ಶೇ. 130ರೊಳಗಿದ್ದರೆ ಊಟ ಉಚಿತ, 185ರೊಳಗಿದ್ದರೆ ರಿಯಾಯಿತಿ. 2024–25ರಲ್ಲಿ ನಾಲ್ವರ ಕುಟುಂಬಕ್ಕೆ ಮೇಲಿನ ಗಡಿ 57,720 ಡಾಲರ್ ಇತ್ತು. ವರ್ಷಕ್ಕೆ 10 ಸಾವಿರ ಬರುವ ಮನೆಯ ಮಗುವೂ 57 ಸಾವಿರ ಬರುವ ಮನೆಯ ಮಗುವೂ ಒಂದೇ ಕಾಲಂಗೆ ಸೇರುತ್ತಿದ್ದವು. 58 ಸಾವಿರದ ಮನೆಯ ಮಗು ಮಾತ್ರ 'ಸ್ಥಿತಿವಂತ' ಆಗಿತ್ತು! ಬಾಡಿಗೆಯಲ್ಲೇ ಸಂಬಳ ಕರಗುವ ಸ್ಯಾನ್‌ಫ್ರಾನ್ಸಿಸ್ಕೊಗೂ ಮಿಸಿಸಿಪ್ಪಿಯ ಹಳ್ಳಿಗೂ ಗಡಿ ಒಂದೇ. ಸಂಶೋಧಕರಾದ ಕ್ಯಾಥರೀನ್ ಮಿಶೆಲ್‌ಮೋರ್ ಮತ್ತು ಸೂಸನ್ ಡೈನಾರ್ಸ್ಕಿ ಮಿಶಿಗನ್ ರಾಜ್ಯದ ದಾಖಲೆ ಕೆದಕಿದಾಗ, ಎಂಟನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಅರ್ಹರಾಗಿದ್ದರು. ಶಿಶುವಿಹಾರದಿಂದ ಪ್ರತಿ ವರ್ಷವೂ ಅರ್ಹರಾಗಿದ್ದವರು ಶೇ. 14 ಮಾತ್ರ. ಕಲಿಕೆಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವರೂ ಇವರೇ. ಅವರನ್ನೇ ಈ ಅಂಕಿ ಗುಂಪಿನಲ್ಲಿ ಮರೆಮಾಡುತ್ತದೆ.

ಇನ್ನು ಈ ಊಟಕ್ಕಾಗಿ ಮನೆಯವರು ತುಂಬಬೇಕಾದ ಅರ್ಜಿಯ ಕಥೆ. ಹೈಸ್ಕೂಲಿಗೆ ಬಂದ ಮಕ್ಕಳು ಗೆಳೆಯರೆದುರು ನಾಚಿಕೊಳ್ಳುತ್ತಾರೆ, ಎಷ್ಟೋ ಅರ್ಜಿಗಳು ಮನೆಯಲ್ಲೇ ಉಳಿಯುತ್ತವೆ. ಅದೇ ಬಡಾವಣೆಯ ಪ್ರಾಥಮಿಕ ಶಾಲೆಗಿಂತ ಹೈಸ್ಕೂಲು ಕಾಗದದಲ್ಲಿ ಶ್ರೀಮಂತವಾಗಿ ಕಾಣುತ್ತದೆ.

2010ರ ಕಾನೂನಿನಿಂದ ಬಡ ಪ್ರದೇಶದ ಶಾಲೆಗಳು ಅರ್ಜಿಯಿಲ್ಲದೆ ಎಲ್ಲರಿಗೂ ಉಣಬಡಿಸುವಂತಾಯಿತು. 2022ರಲ್ಲಿ ಕ್ಯಾಲಿಫೋರ್ನಿಯಾ, ಮೇನ್ ರಾಜ್ಯಗಳು ಪ್ರತಿ ಮಗುವಿಗೂ ಊಟ ಉಚಿತ ಮಾಡಿದವು. ಅರ್ಜಿಯೇ ಇಲ್ಲದ ಮೇಲೆ ಅಂಕಿ ಕೆಟ್ಟಿತೆಂದು ಸಂಶೋಧಕರು ಪೇಚಾಡಿದರು. ನನಗೇನೂ ಬೇಸರವಿಲ್ಲ. ನಮ್ಮ ಸರ್ಕಾರಿ ಶಾಲೆಯ ಬಿಸಿಯೂಟದ ಸಾಲಿನಲ್ಲಿ ಆದಾಯ ಪ್ರಮಾಣಪತ್ರ ಕೇಳುವುದಿಲ್ಲ. ಊಟ ಊಟವಾಗಿಯೇ ಇರಲಿ.

ಈಗ ಆಹಾರ ನೆರವು, ಬಡವರ ಆರೋಗ್ಯ ವಿಮೆಯಾದ ಮೆಡಿಕೈಡ್ ಪಟ್ಟಿಗಳನ್ನು ಶಾಲೆಯ ದಾಖಲೆಗೆ ತಾಳೆ ನೋಡಿ ಎಣಿಸುವ ದಾರಿಯಿದೆ. ಹೆದರಿ ನೆರವು ಕೇಳದ ವಲಸೆ ಕುಟುಂಬಗಳು ಅದರಲ್ಲೂ ಬಿಟ್ಟುಹೋಗುತ್ತವೆ. ಆದರೂ ಇರುವುದರಲ್ಲಿ ಇದೇ ಮೇಲು. ಆದರೆ ಮಗು ಎಷ್ಟು ವರ್ಷದಿಂದ ಆ ಪಟ್ಟಿಯಲ್ಲಿದೆ ಎಂಬುದನ್ನೂ ಅದು ಹೇಳಬೇಕು. ಮಿಶಿಗನ್‌ನಲ್ಲಿ ಆ ಲೆಕ್ಕ ತೆಗೆದದ್ದು ರಾಜ್ಯದ ಕಡತಗಳಲ್ಲಿ ಮೊದಲೇ ಇದ್ದ ಮಾಹಿತಿಯಿಂದಲೇ.