ನಿಗೂಢಾನುರಾಗದ ಒಂದು ಚಲಚ್ಚಿತ್ರ: ಪ್ರೇಕ್ಷಕರ ಆಕ್ಷೇಪಗಳ ವಿಚಾರ

ಅಮೆರಿಕದ ಲೇಖಕಿ ಈಡಿತ್ ವಾರ್ಟನ್ ಅವರು 1920ರಲ್ಲಿ ಪ್ರಕಟಿಸಿದ 'ದಿ ಏಜ್ ಆಫ್ ಇನ್ನೊಸೆನ್ಸ್' ಎಂಬ ಕಾದಂಬರಿಯನ್ನು ಮಾರ್ಟಿನ್ ಸ್ಕಾರ್ಸೇಸಿ ಅವರು 1993ರಲ್ಲಿ ಅದೇ ಹೆಸರಿನ ಚಲಚ್ಚಿತ್ರವನ್ನಾಗಿ ಮಾಡಿದರು. ಗೂಂಡಾಗಳ ಕಥೆಗಳಿಂದಲೂ ರಕ್ತಪಾತದ ದೃಶ್ಯಗಳಿಂದಲೂ ಪ್ರಸಿದ್ಧರಾದ ನಿರ್ದೇಶಕರು ಕೈಗವಸು, ಹೂಗುಚ್ಛ, ಔತಣಗಳ ಕಥೆಗೆ ಕೈಯಿಕ್ಕಿದುದು ಅನೇಕರಿಗೆ ವಿಸ್ಮಯವನ್ನುಂಟುಮಾಡಿತು. ಅಪಾರ ಹಣ ಸುರಿದು ಮಾಡಿದ ಈ ಚಿತ್ರವು ಸ್ವದೇಶದ ಚಿತ್ರಮಂದಿರಗಳಲ್ಲಿ ತನ್ನ ವೆಚ್ಚವನ್ನೂ ಪೂರ್ತಿಯಾಗಿ ಗಳಿಸಲಿಲ್ಲ. ಅಂದಿನಿಂದಲೂ ಇದರ ಪ್ರೇಕ್ಷಕರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ಕಣ್ಣೊರಸಿಕೊಂಡು ಏಳುತ್ತಾರೆ, ಇನ್ನೊಂದು ಪಂಗಡದವರು ಆಕಳಿಸುತ್ತ ಏಳುತ್ತಾರೆ. ಆಕಳಿಸುವವರ ಮಾತನ್ನು ಅರಸಿಕರ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಕಥಾವಸ್ತುವು ಚಿಕ್ಕದು. 1870ರ ದಶಕದ ನ್ಯೂಯಾರ್ಕಿನ ಸಿರಿವಂತ ಕುಲಗಳಲ್ಲಿ ಹುಟ್ಟಿದ ನ್ಯೂಲೆಂಡ್ ಆರ್ಚರ್ ಎಂಬ ವಕೀಲನಿಗೆ ಮೇ ವೆಲೆಂಡ್ ಎಂಬ ಕನ್ಯೆಯೊಡನೆ ವಿವಾಹವು ನಿಶ್ಚಯವಾಗಿದೆ. ಅಷ್ಟರಲ್ಲಿ ಆಕೆಯ ಬಂಧುವಾದ ಎಲೆನ್ ಒಲೆನ್ಸ್ಕಾ, ದುಷ್ಟನಾದ ಗಂಡನನ್ನು ಬಿಟ್ಟು ಯೂರೋಪಿನಿಂದ ಹಿಂದಿರುಗುತ್ತಾಳೆ. ವಿವಾಹವಿಚ್ಛೇದನವು ಬೇಡವೆಂದು ಆಕೆಗೆ ಬುದ್ಧಿ ಹೇಳುವ ಕೆಲಸವು ಆರ್ಚರನ ಪಾಲಿಗೇ ಬೀಳುತ್ತದೆ. ಅವನು ಹೇಳುತ್ತಾನೆ, ಅವಳು ಒಪ್ಪುತ್ತಾಳೆ. ಆಮೇಲೆ ತಾನು ಅವಳನ್ನೇ ಪ್ರೀತಿಸುತ್ತಿರುವೆನೆಂದು ಅವನಿಗೆ ತಿಳಿಯುವ ವೇಳೆಗೆ ಬಾಗಿಲನ್ನು ಮುಚ್ಚಿದ ಕೈ ತನ್ನದೇ ಆಗಿರುತ್ತದೆ.

"ಇದರಲ್ಲಿ ಏನೂ ನಡೆಯುವುದೇ ಇಲ್ಲ" ಎಂಬುದು ಮೊದಲನೆಯ ಆಕ್ಷೇಪ. ವಿಪ್ರಲಂಭ ಶೃಂಗಾರವನ್ನು ಮಮ್ಮಟನು ಐದು ಬಗೆಯಾಗಿ ವಿಂಗಡಿಸಿರುವನಷ್ಟೆ. ಅವುಗಳಲ್ಲಿ ವಿರಹವೆಂದರೆ, ಒಂದೇ ಊರಿನಲ್ಲಿದ್ದರೂ ಗುರುಜನರ ಅಧೀನತೆ ಮುಂತಾದ ಕಾರಣಗಳಿಂದ ಕೂಡಲಾರದಿರುವುದೆಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಮೇಘದೂತದ ಯಕ್ಷನಿಗೆ ಗಿರಿನದಿಗಳ ಅಂತರವಾದರೂ ಇದೆ; ದೂರವನ್ನು ದೂರಬಹುದು. ಆರ್ಚರನಿಗೆ ಆ ಸಮಾಧಾನವೂ ಇಲ್ಲ; ಎಲೆನ್ ಎದುರಿನ ಆಸನದಲ್ಲಿಯೇ ಕುಳಿತಿದ್ದಾಳೆ. ಬಂಡಿಯೊಳಗೆ ಅವನು ಅವಳ ಕೈಗವಸಿನ ಗುಂಡಿಯನ್ನು ಬಿಚ್ಚಿ ಮಣಿಕಟ್ಟಿಗೆ ಮುತ್ತಿಡುವಷ್ಟರಲ್ಲಿಯೇ ಪ್ರೇಕ್ಷಕನಿಗೆ ಉಸಿರು ಕಟ್ಟಿದಂತಾಗುವುದು ಈ ಕಾರಣದಿಂದ. ನಡೆಯದಿರುವುದೇ ಇಲ್ಲಿನ ಕಥೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಪಾತ್ರೆಪದಾರ್ಥ, ಪರದೆ, ಚಿತ್ರಪಟ, ಪುಷ್ಪಗಳ ವೈಭವದಲ್ಲಿ ಮನುಷ್ಯರು ಮುಳುಗಿಹೋದರೆಂದು ಹಲವರು ಹೇಳುತ್ತಾರೆ. ಐದು ವಿಭಾಗಗಳಲ್ಲಿ ಆಸ್ಕರ್ ಪ್ರಶಸ್ತಿಗೆ ಹೆಸರಿಸಲ್ಪಟ್ಟ ಚಿತ್ರಕ್ಕೆ ಕೊನೆಗೆ ದೊರೆತುದು ವಸ್ತ್ರವಿನ್ಯಾಸದ ಪ್ರಶಸ್ತಿಯೊಂದೇ ಎಂದು ಎತ್ತಿ ಆಡುವವರೂ ಉಂಟು. ಆದರೆ ಎಲೆನಳ ಬೀಳ್ಕೊಡುಗೆಯ ಔತಣವನ್ನು ಒಮ್ಮೆ ಗಮನವಿಟ್ಟು ನೋಡತಕ್ಕದ್ದು. ಮೇಜಿನ ಮೇಲೆ ದೀಪ, ಬೆಳ್ಳಿ, ಹೂವು. ಸುತ್ತಲೂ ನಗುಮುಖದ ಬಂಧುಗಳು. ಯಾರ ಬಾಯಿಂದಲೂ ಒಂದು ಬಿರುಸು ನುಡಿಯಿಲ್ಲ. ತನ್ನನ್ನೂ ಎಲೆನಳನ್ನೂ ಇವರೆಲ್ಲರೂ ಬಹುಕಾಲದಿಂದ ಪ್ರಣಯಿಗಳೆಂದೇ ಎಣಿಸಿರುವರೆಂದೂ, ತನ್ನ ಹೆಂಡತಿಯ ಬೆನ್ನಿಗೆ ನಿಂತು ಆಕೆಯನ್ನು ಊರಿನಿಂದ ಹೊರಕ್ಕೆ ಸಾಗಿಸುತ್ತಿರುವರೆಂದೂ ಆರ್ಚರನಿಗೆ ಹೊಳೆಯುವುದು ಆ ಊಟದ ನಡುವೆ. ಗಡೀಪಾರಿನ ಶಿಕ್ಷೆಯನ್ನು ಉಪಚಾರದ ರೂಪದಲ್ಲಿ ವಿಧಿಸಬಲ್ಲ ಜನಕ್ಕೆ ಖಡ್ಗದ ಹಂಗೇಕೆ? ದೊಡ್ಡ ಮನೆಗಳ ಮದುವೆ ಮುಂಜಿಗಳಲ್ಲಿ ಪಂಕ್ತಿಯ ಕ್ರಮವನ್ನೂ ತಾಂಬೂಲದ ಕ್ರಮವನ್ನೂ ಬಲ್ಲವರಿಗೆ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಕಾಗದು. ವೈಭವವು ಇಲ್ಲಿ ಕಥೆಯ ಮೇಲೆ ಹೊದಿಸಿದ ಆಭರಣವಲ್ಲ, ಸೆರೆಮನೆಯ ಗೋಡೆ. ಅದನ್ನು ಕಡಿಮೆ ಮಾಡಿದ್ದರೆ ಕೈದಿಗಳೇಕೆ ಓಡಿಹೋಗಲಿಲ್ಲವೆಂಬುದು ಅರ್ಥವಾಗುತ್ತಿರಲಿಲ್ಲ.

ಪರದಾರಾಸಕ್ತಿಯು ರಸಾಭಾಸವೇ ಹೊರತು ರಸವಲ್ಲ, ಮನೆಮಂದಿಯೆಲ್ಲ ಕುಳಿತು ನೋಡತಕ್ಕ ಕಥೆ ಇದಲ್ಲ ಎನ್ನುವ ಹಿರಿಯರೂ ಇದ್ದಾರೆ. ಅವರ ಲಕ್ಷಣವು ಸರಿ; ಅನ್ವಯವು ಸರಿಯಲ್ಲ. ತಮ್ಮನ್ನು ನಂಬಿದವರಿಗೆ ದ್ರೋಹ ಮಾಡಿ ಸುಖವನ್ನು ಕಟ್ಟಲಾಗದೆಂದು ಮೊದಲು ಹಿಂದೆಗೆಯುವವಳು ಎಲೆನಳೇ. ಅನೌಚಿತ್ಯವನ್ನು ಅರಿತು ಹಿಂದೆಗೆದವರ ನೋವನ್ನು ಆಭಾಸವೆನ್ನುವುದು ಕಠೋರವಾದೀತು.

ಪ್ರೇಕ್ಷಕರ ಅಭಿಪ್ರಾಯಗಳು ತೀರ ಹಳಿತಪ್ಪುವುದು ಮೇಯ ವಿಷಯದಲ್ಲಿ. ಕೆಲವರಿಗೆ ಆಕೆ ಏನೂ ಅರಿಯದ ಮುಗ್ಧೆ, ಕೆಲವರಿಗೆ ಕಪಟಿ. ಆರ್ಚರನು ದೂರದೇಶಕ್ಕೆ ಹೋಗುವ ಮಾತೆತ್ತಿದ ರಾತ್ರಿ, ಆಕೆ ತಾನು ಗರ್ಭಿಣಿಯೆಂದು ತಿಳಿಸುತ್ತಾಳೆ. ಎಲೆನಳಿಗೆ ಈ ಸುದ್ದಿಯನ್ನು ಎರಡು ವಾರ ಮುಂಚೆಯೇ, ತನಗಿನ್ನೂ ನಿಶ್ಚಯವಾಗುವ ಮೊದಲೇ, ಹೇಳಿದ್ದೆನೆಂದೂ ಒಪ್ಪಿಕೊಳ್ಳುತ್ತಾಳೆ. ವಿನೋನಾ ರೈಡರ್ ಅವರು ಈ ದೃಶ್ಯದಲ್ಲಿ ದನಿಯನ್ನು ಒಂದಿಷ್ಟೂ ಎತ್ತದೆ ನಟಿಸಿರುವರು. ಮೇಗೆ ಇದ್ದ ಆಯುಧ ಅದೊಂದೇ. ಅವಳು ಕಾದುಕೊಂಡುದು ಲೋಕಸಮ್ಮತವಾಗಿ ತನ್ನದಾಗಿದ್ದ ಮನೆಯನ್ನು. ಹೆಂಡತಿಯು ದಡ್ಡಳೆಂದು ನಂಬಿ ಬಾಳಿದ ಗಂಡನಿಗಿಂತ ಅವಳಿಗೆ ತಿಳಿದಿದ್ದುದು ಹೆಚ್ಚು.

ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಮರೆಯಲ್ಲಿದ್ದು ಕಥೆ ಹೇಳುವ ಸ್ತ್ರೀಕಂಠವೊಂದು ಆದಿಯಿಂದ ಅಂತ್ಯದವರೆಗೆ ಇದೆ. ಸಮಾಜದ ಕಟ್ಟಳೆಗಳನ್ನು ಅದು ವಿವರಿಸುವಾಗ ಹಿತವಾಗಿರುತ್ತದೆ. ಆರ್ಚರನ ಮನಸ್ಸಿನಲ್ಲಾದುದನ್ನೂ ಹೇಳತೊಡಗಿದಾಗ ಭಾವವನ್ನು ಹೆಸರಿಟ್ಟು ಕರೆಯುವ ಸ್ವಶಬ್ದವಾಚ್ಯತ್ವವೆಂಬ ರಸದೋಷಕ್ಕೆ ಸಮೀಪಿಸುತ್ತದೆ. ಡೇನಿಯಲ್ ಡೇ-ಲೂಯಿಸ್ ಅವರ ಮುಖವು ಅದಾಗಲೇ ಹೇಳಿ ಮುಗಿಸಿದುದನ್ನು ಆ ಕಂಠವು ಮತ್ತೆ ಹೇಳಬೇಕಾಗಿರಲಿಲ್ಲ.

ಕೊನೆಯ ದೃಶ್ಯವನ್ನು ಕುರಿತ ವಾದವಂತೂ ಮುಗಿಯುವಂಥದಲ್ಲ. ಮೇ ತೀರಿಹೋಗಿದ್ದಾಳೆ, 57 ವರ್ಷದ ಆರ್ಚರನು ಮಗನೊಡನೆ ಪ್ಯಾರಿಸಿನಲ್ಲಿ ಎಲೆನಳ ಮನೆಯ ಕೆಳಗೆ ನಿಂತಿದ್ದಾನೆ. ಈಗ ತಡೆಯುವವರಾರೂ ಇಲ್ಲ. ಆದರೂ ಅವನು ಮೆಟ್ಟಿಲು ಹತ್ತುವುದಿಲ್ಲ. "ಹೇಡಿ" ಎಂದು ಸಿಡುಕುವ ಪ್ರೇಕ್ಷಕರು, ಮಗನು ಅವನಿಗೆ ಹೇಳಿದ್ದ ಮಾತನ್ನು ಮರೆಯುತ್ತಾರೆ: ತಾನು ಕೇಳಿಕೊಂಡಾಗ ನಿಮ್ಮ ತಂದೆ ಅತ್ಯಂತ ಪ್ರಿಯವಾದುದನ್ನು ಬಿಟ್ಟುಕೊಟ್ಟರೆಂದು ತಾಯಿ ಸಾಯುವ ಮುನ್ನ ನುಡಿದಿದ್ದಳಂತೆ. ಅವಳು ಬಾಯಿಬಿಟ್ಟು ಎಂದೂ ಕೇಳಿರಲಿಲ್ಲ! ತನ್ನ ತ್ಯಾಗವನ್ನು ಒಬ್ಬಳು ಕಂಡು ಮರುಗಿದ್ದಳೆಂದು ಅವನಿಗೆ ತಿಳಿದುದು ಆಗ.

ಹಿಂದೊಮ್ಮೆ ಕಡಲತೀರದಲ್ಲಿ, ದೋಣಿಯು ದೀಪಸ್ತಂಭವನ್ನು ದಾಟುವ ಮೊದಲು ಎಲೆನಳು ತಿರುಗಿ ನೋಡಿದರೆ ಅವಳ ಬಳಿಗೆ ಹೋಗುವೆನೆಂದು ಅವನು ಪಣತೊಟ್ಟು ನಿಂತಿದ್ದನು; ಅವಳು ತಿರುಗಿರಲಿಲ್ಲ. ಪ್ಯಾರಿಸಿನಲ್ಲಿ ಸೇವಕನು ಮುಚ್ಚುವ ಕಿಟಕಿಯ ಗಾಜಿನ ಮೇಲೆ ಬಿಸಿಲು ಥಳಕ್ಕೆಂದಾಗ, ಅವನ ಮನಸ್ಸಿನಲ್ಲಿ ಅದೇ ತೀರದ ಎಲೆನಳು ಮೆಲ್ಲನೆ ತಿರುಗಿ ನಗುತ್ತಾಳೆ. ಕಾದಂಬರಿಯಲ್ಲಿ ಇದಿಲ್ಲ, ಸ್ಕಾರ್ಸೇಸಿ ಅವರು ಸೇರಿಸಿದುದು. ಮಾತಿಲ್ಲದೆ ಬಂದ ಈ ಒಂದು ನೋಟವು ಅಲ್ಲಿಯವರೆಗಿನ ಕಥನಕಂಠವೆಲ್ಲ ಹೇಳಿದುದಕ್ಕಿಂತ ಹೆಚ್ಚನ್ನು ಧ್ವನಿಸುತ್ತದೆ. ಆಮೇಲೆ ಆರ್ಚರನು ಊರುಗೋಲನ್ನು ಹಿಡಿದು ಹೊರಟುಹೋಗುತ್ತಾನೆ.