ಐದು ಡಾಲರಿನ ಹಂಗು

ಹಸಿದವರಿಗೆ ಅನ್ನ ಹೊತ್ತುಕೊಂಡು ದೇಶ ದೇಶ ಸುತ್ತಿದ ಮಹನೀಯರ ಜೀವನ ಚರಿತ್ರೆಗಳನ್ನು ನಮಗೆ ಶಾಲೆಯಿಂದಲೂ ಓದಿಸುತ್ತಾ ಬಂದಿದ್ದಾರೆ. ಓದಿ ಕಣ್ಣೊರೆಸಿಕೊಂಡವರೂ ನಾವೇ. ಆದರೆ ಇಂಥ ಕಥೆಗಳನ್ನು ಹಸಿದವರ ಕಡೆ ನಿಂತು ಓದುವ ವಿಮರ್ಶೆ ನಮ್ಮಲ್ಲಿ ಇನ್ನೂ ಬೆಳೆಯಬೇಕಾಗಿದೆ. ಅನ್ನ ಕೊಟ್ಟವನ ಹೆಸರು, ಅವನ ಊರು, ಅವನ ಎದೆ ಕರಗಿದ ಗಳಿಗೆ ಎಲ್ಲವೂ ಪುಸ್ತಕದಲ್ಲಿ ಇರುತ್ತದೆ. ಉಂಡವನ ಮಾತು ಮಾತ್ರ ಇರುವುದಿಲ್ಲ. ಯಾಕೆ ಹೀಗೆ ಅಂತ ಕೇಳುವುದಕ್ಕೆ ಅಮೆರಿಕದ ಬಾಬ್ ಪಿಯರ್ಸ್ ಎಂಬಾತನ ಬದುಕನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪಿಯರ್ಸ್ ಹುಟ್ಟಿದ್ದು 1914ರಲ್ಲಿ, ಅಯೋವಾ ರಾಜ್ಯದಲ್ಲಿ. ಊರೂರು ತಿರುಗಿ ಸುವಾರ್ತೆ ಸಾರುವ ಬೋಧಕನಾಗಿದ್ದವನು 1947ರಲ್ಲಿ ಚೀನಾಕ್ಕೆ ಹೋದ. 1950ರಲ್ಲಿ ವರ್ಲ್ಡ್ ವಿಷನ್ ಎಂಬ ಸಂಸ್ಥೆ ಶುರು ಮಾಡಿದ. ಅದರ ಆಡಳಿತ ಮಂಡಳಿಯ ಜೊತೆ ಜಗಳವಾಗಿ 1967ರಲ್ಲಿ ಹೊರಗೆ ಬಂದ. 1970ರಲ್ಲಿ ಸಮಾರಿಟನ್ಸ್ ಪರ್ಸ್ ಎಂಬ ಇನ್ನೊಂದು ಸಂಸ್ಥೆ ಕಟ್ಟಿದ. 1978ರಲ್ಲಿ ತೀರಿಕೊಂಡ. ಈ ಎರಡೂ ಸಂಸ್ಥೆಗಳು ಇವತ್ತು ಹತ್ತಾರು ದೇಶಗಳಲ್ಲಿ ಕೆಲಸ ಮಾಡುತ್ತಿವೆ. ಚರ್ಚಿನ ಪರಿಹಾರ ಕೆಲಸ ಒಂದು ಜಾಗತಿಕ ವೃತ್ತಿಯಾಗಿ ಬೆಳೆದದ್ದರಲ್ಲಿ ಈತನ ಪಾಲು ದೊಡ್ಡದು.

ಈ ವೃತ್ತಿಗೆ ಒಂದು ಮೂಲಕಥೆ ಇದೆ. ಚೀನಾದ ಶಿಯಾಮೆನ್ ಬಂದರಿನಲ್ಲಿ ಟೀನಾ ಹೋಲ್ಕೆಬೋರ್ ಎಂಬ ಮಿಷನರಿ ಟೀಚರ್ ಶಾಲೆ ನಡೆಸುತ್ತಿದ್ದರು. ಪಿಯರ್ಸ್ ಅಲ್ಲಿಯ ಮಕ್ಕಳಿಗೆ ಏಸುವಿನ ವಿಷಯ ಬೋಧಿಸಿದ. ವೈಟ್ ಜೇಡ್ ಎಂಬ ಹುಡುಗಿ ಮನೆಗೆ ಹೋಗಿ ತಾನು ಕ್ರೈಸ್ತಳಾದೆ ಎಂದಳು. ಅಪ್ಪ ಬಾಸುಂಡೆ ಬರುವ ಹಾಗೆ ಹೊಡೆದು ಆಚೆಗೆ ಹಾಕಿದ. ಟೀಚರ್ ಆ ಮಗುವನ್ನು ಎತ್ತಿ ಪಿಯರ್ಸನ ಕೈಗೆ ಕೊಟ್ಟು, ಈಗ ಇವಳಿಗೆ ನೀನೇನು ಮಾಡ್ತೀಯ ಅಂತ ಕೇಳಿದರು. ಆತ ಜೇಬಿನಲ್ಲಿ ಉಳಿದಿದ್ದ ಐದು ಡಾಲರ್ ಕೊಟ್ಟ. ತಿಂಗಳು ತಿಂಗಳೂ ಅಷ್ಟನ್ನೇ ಕಳಿಸುತ್ತೇನೆ ಎಂದು ಮಾತು ಕೊಟ್ಟ. ಈ ಐದು ಡಾಲರಿನಿಂದಲೇ ತಾನು ಬೆಳೆದದ್ದು ಎಂದು ವರ್ಲ್ಡ್ ವಿಷನ್ ಹೇಳಿಕೊಳ್ಳುತ್ತದೆ.

ಇದನ್ನು ಕರುಣೆಯ ಕಥೆಯಾಗಿ ಹೇಳುತ್ತಾ ಬಂದಿದ್ದಾರೆ. ನಾವು ಓದುವಾಗ ಬೇರೆ ಏನೋ ಕಾಣುತ್ತದೆ. ಹೊಡೆದ ಪಾಪ ಅಪ್ಪನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗಿ ಮನೆಯಲ್ಲಿ ಆಡಿದ ಮಾತು ಪಿಯರ್ಸ್ ಹೇಳಿಕೊಟ್ಟ ಮಾತು. ಅದನ್ನು ನಂಬಿ ಆಡಿದ್ದಕ್ಕೆ ಅವಳು ಬೀದಿಗೆ ಬಿದ್ದಳು. ಆದ್ದರಿಂದ ಟೀಚರ್ ಕೇಳಿದ್ದು ಕನಿಕರವನ್ನಲ್ಲ, ಲೆಕ್ಕವನ್ನು. ನೀನು ಮಾತು ಹೇಳಿದೆ, ಪೆಟ್ಟು ಇವಳು ತಿಂದಳು, ಈಗ ನಿನ್ನ ಪಾಲೇನು ಅಂತ. ಕಥೆ ಕೈಯಿಂದ ಕೈಗೆ ದಾಟುವಾಗ ಆ ಲೆಕ್ಕ ಕರಗಿಹೋಗಿ ದಾನ ಮಾತ್ರ ಉಳಿಯಿತು. ಪ್ರಚಾರದಲ್ಲಿರುವ ಕಥೆಯಲ್ಲಿ ಮುಂದೆ ಅವಳ ಸದ್ದೇ ಇಲ್ಲ. ವೈಟ್ ಜೇಡ್ ಅನ್ನುವುದು ಕೂಡ ಇಂಗ್ಲಿಷಿಗೆ ತಿರುಗಿಸಿದ ಹೆಸರು.

ಈ ಪ್ರಶ್ನೆ ಪಾದ್ರಿಗಳಿಗೆ ಮಾತ್ರ ಅಂತ ಯಾರೂ ತಿಳಿಯಬಾರದು. ಹಟ್ಟಿಗೆ ಬಂದು ಕಿಚ್ಚಿನ ಭಾಷಣ ಮಾಡಿ ಕೊನೇ ಬಸ್ಸಿಗೆ ಹೊರಟುಹೋಗುವ ಯಾವ ಕಾರ್ಯಕರ್ತನಿಗೂ ಇದು ತಗಲುತ್ತದೆ. ಆ ಮಾತು ನಂಬಿ ಮಾರನೇ ದಿನ ಹೋಟೆಲಿನೊಳಕ್ಕೆ ಕಾಲಿಟ್ಟ ಹುಡುಗನಿಗೆ ಪೆಟ್ಟು ಬಿದ್ದರೆ, ನೀನೇನು ಮಾಡ್ತೀಯ?

ಕಥೆಯ ಮುಂದಿನ ಅಧ್ಯಾಯ ಕೊರಿಯಾ. ಹಾನ್ ಕ್ಯುಂಗ್-ಚಿಕ್ ಎಂಬ ಕೊರಿಯನ್ ಪಾದ್ರಿ 1945ರಲ್ಲಿ ಉತ್ತರದಿಂದ ತಪ್ಪಿಸಿಕೊಂಡು ಬಂದು ಸಿಯೋಲ್ ನಗರದಲ್ಲಿ ನಿರಾಶ್ರಿತರನ್ನು ಕೂಡಿಸಿಕೊಂಡು ಯಂಗ್ನಾಕ್ ಚರ್ಚ್ ಕಟ್ಟಿದ. ಅನಾಥ ಮಕ್ಕಳಿಗೆ, ವಿಧವೆಯರಿಗೆ ನೆಲೆ ಮಾಡಿದ. 1950ರಲ್ಲಿ ಪಿಯರ್ಸ್ ಅಲ್ಲಿಗೆ ಬೋಧನೆಗೆ ಹೋದಾಗ ಅವನ ಇಂಗ್ಲಿಷನ್ನು ಜನರಿಗೆ ದಾಟಿಸಿದವನು ಈ ಹಾನ್. ಅದೇ ವರ್ಷ ಯುದ್ಧ ಬಂತು. 1953ರಲ್ಲಿ ಯುದ್ಧದ ಅನಾಥ ಮಕ್ಕಳನ್ನು ಅಮೆರಿಕದ ಮನೆಗಳು ತಿಂಗಳ ಹಣ ಕಳಿಸಿ ಸಾಕುವ ಪದ್ಧತಿಯನ್ನು ವರ್ಲ್ಡ್ ವಿಷನ್ ಶುರು ಮಾಡಿತು. ಪಿಯರ್ಸನ ಹತ್ತಿರ ಸಿನಿಮಾ ಕ್ಯಾಮೆರಾ ಇತ್ತು. ಅವನು ತೆಗೆದ ಚಿತ್ರಗಳನ್ನು ಅಮೆರಿಕದ ಚರ್ಚುಗಳಲ್ಲಿ ತೋರಿಸಿದರು, ಹಣ ಹರಿದು ಬಂತು. ಸಂಸ್ಥಾಪಕ ಅಂದರೆ ಪಿಯರ್ಸ್ ಒಬ್ಬನೇ ಎಂಬ ಚರಿತ್ರೆ ನಿಂತುಬಿಟ್ಟಿತು. ಡೇವಿಡ್ ಸ್ವಾರ್ಟ್ಜ್ ಎಂಬ ಅಮೆರಿಕದ ಇತಿಹಾಸಕಾರ 2020ರ ತನ್ನ 'ಫೇಸಿಂಗ್ ವೆಸ್ಟ್' ಪುಸ್ತಕದಲ್ಲಿ ಹಾನ್‌ನ ಪಾಲನ್ನು ಎತ್ತಿ ಹೇಳಿದ್ದಾನೆ. ಹಾನ್ ಸಂತ ಅಂತ ನಾವು ಹೇಳುತ್ತಿಲ್ಲ. ಇಬ್ಬರೂ ಕಡು ಕಮ್ಯುನಿಸ್ಟ್ ವಿರೋಧಿಗಳು, ಇಬ್ಬರ ಅನ್ನದಲ್ಲೂ ಆ ರಾಜಕೀಯ ಬೆರೆತಿತ್ತು. ನಾವು ಹೇಳುವುದು ಇಷ್ಟೇ: ಒಲೆ ಮೊದಲೇ ಉರಿಯುತ್ತಿತ್ತು. ಚರಿತ್ರೆ ಬರೆದವರಿಗೆ ಸೌದೆಯ ದುಡ್ಡು ತಂದವನು ಕಂಡ, ಒಲೆ ಹಚ್ಚಿದವನು ಕಾಣಲಿಲ್ಲ. ಬಾವಿ ತೋಡಿದ ಕೇರಿಯ ಹೆಸರಿಲ್ಲದೆ ಉದ್ಘಾಟಿಸಿದವರ ಹೆಸರು ಕಲ್ಲಿನಲ್ಲಿ ಕೆತ್ತಿರುವುದನ್ನು ನೋಡಿದ ನಮಗೆ ಇದು ಹೊಸದಲ್ಲ.

ಈ ವೃತ್ತಿಯ ಬೆಲೆ ಕೊಟ್ಟವರು ಇನ್ನೊಂದು ಕಡೆಯೂ ಇದ್ದಾರೆ. ಪಿಯರ್ಸನ ಮಗಳು ಮ್ಯಾರಿಲೀ ಪಿಯರ್ಸ್ ಡಂಕರ್ 1980ರಲ್ಲಿ ಅಪ್ಪ ಅಮ್ಮನ ಬಗ್ಗೆ ಒಂದು ಪುಸ್ತಕ ಬರೆದಳು. ವರ್ಷದ ಹೆಚ್ಚು ಭಾಗ ಪರದೇಶದಲ್ಲೇ ಇದ್ದ ಅಪ್ಪ, ಮನೆ ಹೊತ್ತ ಅಮ್ಮ, 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಅಕ್ಕ, ಒಡೆದುಹೋದ ಸಂಸಾರ. ಅವಳು ಅಪ್ಪನನ್ನು ಬೈಯುವುದಕ್ಕೆ ಬರೆಯಲಿಲ್ಲ, ಪೂಜೆ ಮಾಡುವುದಕ್ಕೂ ಬರೆಯಲಿಲ್ಲ. ಒಂದು ಸಾವಿಗೆ ಒಬ್ಬನನ್ನೇ ಕಾರಣ ಮಾಡುವುದು ನಮಗೂ ಬೇಡ. ಆದರೆ ಲೋಕದ ಮಕ್ಕಳಿಗಾಗಿ ಕರಗುವ ಗಂಡಸಿನ ಎದೆಯ ಹಿಂದೆ, ಸಂಬಳವಿಲ್ಲದೆ ಹೆಸರಿಲ್ಲದೆ ದುಡಿಯುವ ಒಬ್ಬ ಹೆಂಗಸು ಇರುತ್ತಾಳೆ ಎನ್ನುವುದನ್ನು ಯಾವ ಸಂಸ್ಥೆಯ ವಾರ್ಷಿಕ ವರದಿಯೂ ಹೇಳುವುದಿಲ್ಲ. ಆ ಮಟ್ಟಿಗೆ ಈ ಪುಸ್ತಕ ದೊಡ್ಡದು.

ಇನ್ನು ಆ ತಿಂಗಳ ಹಣದ ಮಾತು. ಅದು ಸುಳ್ಳಲ್ಲ. ಬ್ರೂಸ್ ವೈಡಿಕ್ ಮತ್ತು ಜೊತೆಗಾರರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಂಪ್ಯಾಷನ್ ಇಂಟರ್‌ನ್ಯಾಷನಲ್ ಎಂಬ ಇಂಥದೇ ಇನ್ನೊಂದು ಸಂಸ್ಥೆಯ ಹಣದಲ್ಲಿ ಬೆಳೆದವರನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ನೋಡಿದರು. ಆ ಮಕ್ಕಳು ಉಳಿದವರಿಗಿಂತ ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಶಾಲೆ ಕಲಿತಿದ್ದರು. ಜರ್ಮನಿಯಲ್ಲಿ ಕಿಂಡರ್‌ನೋಟ್‌ಹಿಲ್ಫೆ ಎಂಬ ಸಂಸ್ಥೆ 1959ರಲ್ಲಿ ಹುಟ್ಟಿದ್ದೇ ಭಾರತದ ಮಕ್ಕಳ ಸಲುವಾಗಿ. ನಮ್ಮ ನಾಡಿನ ಮಿಷನ್ ಹಾಸ್ಟೆಲುಗಳಿಗೂ ಇಂಥ ಹಣ ಬಂದಿದೆ. ಊರ ಜಮೀನ್ದಾರ ಜೀತಕ್ಕೆ ಕೇಳಿದ ಹುಡುಗರು ಆ ಹಾಸ್ಟೆಲಿನ ದೀಪದಲ್ಲಿ ಓದಿ ಮೇಷ್ಟ್ರಾಗಿದ್ದಾರೆ. ಕೂಳು ಕೊಟ್ಟ ಕೈಯನ್ನು ಬೈಯುವುದಕ್ಕೆ ನಾವು ಕೂತಿಲ್ಲ.

ನಮ್ಮ ತಕರಾರು ಕಾಗದದ್ದು. ಹಣ ಕೊಡುವವನಿಗೆ ಮಗುವಿನ ಫೋಟೋ ಹೋಗುತ್ತದೆ, ಮಗುವಿನಿಂದ ವಂದನೆಯ ಕಾಗದ ಹೋಗುತ್ತದೆ. ಚೆನ್ನಾಗಿದ್ದೇನೆ, ಚೆನ್ನಾಗಿ ಓದುತ್ತಿದ್ದೇನೆ, ನಿಮಗಾಗಿ ಪ್ರಾರ್ಥಿಸುತ್ತೇನೆ. ಸಾರು ನೀರಾಗಿತ್ತು, ವಾರ್ಡನ್ ಹೊಡೆದರು, ಅಪ್ಪನಿಗೆ ಇನ್ನೂ ಕೂಲಿ ಕೊಟ್ಟಿಲ್ಲ ಎಂದು ಬರೆಯುವ ಹಾಗಿಲ್ಲ. ಅಪ್ಪನಿಗೆ ಕೂಲಿ ಸಿಕ್ಕಿದ್ದರೆ ಈ ಕಾಗದವೇ ಬೇಕಿರಲಿಲ್ಲ ಎಂದಂತೂ ಬರೆಯುವಂತೆಯೇ ಇಲ್ಲ. ಇದಕ್ಕೇ ನಮ್ಮವರು ಹಂಗು ಅನ್ನುವುದು. ವರ್ಲ್ಡ್ ವಿಷನ್ 2019ರಲ್ಲಿ ಪದ್ಧತಿ ತಿರುಗಿಸಿ, ದಾನಿಗಳ ಫೋಟೋಗಳನ್ನು ಇಟ್ಟು ಮಕ್ಕಳೇ ಆರಿಸಿಕೊಳ್ಳಲಿ ಎಂದಿತು. ಒಳ್ಳೆಯದೇ. ಆದರೂ ಹಣ ಬರುವ ದಿಕ್ಕು ಅದೇ, ವಂದನೆ ಹೋಗುವ ದಿಕ್ಕೂ ಅದೇ.

ಹಂಗಿಗೆ ಇನ್ನೊಂದು ಗುಣವಿದೆ. ಅದು ಯಾವತ್ತಾದರೂ ನಿಲ್ಲಬಹುದು. ವಿದೇಶಿ ಹಣಕ್ಕೆ ಮುಂಗಡ ಅನುಮತಿ ಬೇಕೆಂದು ಕೇಂದ್ರ ಸರ್ಕಾರ ಕಟ್ಟು ಹಾಕಿದ ಮೇಲೆ ಕಂಪ್ಯಾಷನ್ 2017ರಲ್ಲಿ ಭಾರತ ಬಿಟ್ಟಿತು. ಲಕ್ಷಕ್ಕೂ ಹೆಚ್ಚು ಮಕ್ಕಳ ತಿಂಗಳ ಹಣ ನಿಂತಿತು. ಮತಾಂತರ ನಿಂತಿತು ಅಂತ ಕೆಲವರು ಸಂತೋಷಪಟ್ಟರು. ನಮ್ಮ ವಿಮರ್ಶೆಯನ್ನು ಅವರ ಕೈಗೆ ಕೊಡಲು ನಾವು ತಯಾರಿಲ್ಲ. ಸ್ವಂತ ಬಾವಿಯ ನೀರು ಕೊಡದವರಿಗೆ ಪರರ ಬಿಂದಿಗೆಯ ಲೆಕ್ಕ ಕೇಳುವ ಅಧಿಕಾರವಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಅನ್ನವನ್ನು ಇಟ್ಟು ನೋಡೋಣ. ಪಿಯುಸಿಎಲ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲರಿಯ ಬೇಯಿಸಿದ ಊಟ ಕೊಡಲೇಬೇಕು ಎಂದಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಬಂತು. ಆ ಬಿಸಿಯೂಟದಲ್ಲೂ ಹುಳ ಬರುತ್ತದೆ. ದಲಿತ ಹೆಂಗಸು ಬೇಯಿಸಿದಳೆಂದು ತಟ್ಟೆ ತಳ್ಳುವ ಊರುಗಳೂ ಇವೆ. ಆದರೆ ಊಟ ಬರದಿದ್ದರೆ ಕೂಲಿ ಮಾಡುವ ತಾಯಿ ಶಾಲೆಯ ಬಾಗಿಲಿಗೆ ಬಂದು, ಯಾಕ್ ಸ್ವಾಮಿ ನಮ್ ಹೈಕ್ಳಿಗೆ ಇಕ್ಕಿಲ್ಲ ಅಂತ ಜೋರು ಮಾಡಬಹುದು. ಯಾರಿಗೂ ವಂದನೆಯ ಕಾಗದ ಬರೆಯಬೇಕಾಗಿಲ್ಲ. ಪಿಯರ್ಸನ ಬದುಕಿನಲ್ಲಿ ನಮಗೆ ಸಿಗದೇ ಹೋದದ್ದು ಈ ಜೋರು ಮಾಡುವ ತಾಯಿ. ಅವನ ಕರುಣೆ ನಿಜವಾಗಿತ್ತು, ಆದರೆ ಅದಕ್ಕೆ ತಿರುಗಿ ಕೇಳುವವರು ಇರಲಿಲ್ಲ. ನೆರೆ ಬಂದಾಗ, ಯುದ್ಧ ಬಂದಾಗ ಅನ್ನ ಯಾರು ತಂದರೂ ಉಣ್ಣಬೇಕು. ತಂದವರನ್ನು ಲೆಕ್ಕ ಕೇಳುವ ಬಾಯಿಯನ್ನೂ ಉಳಿಸಿಕೊಳ್ಳಬೇಕು.

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಮಿಷನ್ ಹಾಸ್ಟೆಲಿನಲ್ಲಿ ಉಂಡು ಓದಿದವರು ಇದ್ದೇ ಇದ್ದೀರಿ. ದಾತರ ಕಥೆ ಸಾಕಷ್ಟು ಬಂದಿದೆ, ಅದರಲ್ಲಿ ಒಳ್ಳೆಯ ಕಥೆಗಳೂ ಇವೆ. ಉಂಡವರ ಕಥೆ ನಿಮ್ಮಿಂದ ಬರಬೇಕು. ಕೊಟ್ಟವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ಅಂದು ಆ ಕಾಗದಗಳಲ್ಲಿ ಬರೆಯಲಾಗದೆ ನುಂಗಿಕೊಂಡದ್ದನ್ನೂ ಬರೆಯಿರಿ.